ಹೆತ್ತವರೂ ಬೆಳೆದ ಮಕ್ಕಳೂ

ವಿಜಯಪುರದಿಂದ ಪಶ್ಚಿಮಕ್ಕೆ ಅಥಣಿಯ ಹಾದಿ ಹಿಡಿದು ಹೊರಟರೆ ಸುಮಾರು 20 ಕಿಲೋಮೀಟರಿನ ಮೇಲೆ ತಿಕೋಟಾ ಸಿಗುತ್ತದೆ. ಇಂದು ಅದು ಒಂದು ತಾಲ್ಲೂಕಿನ ಮುಖ್ಯ ಸ್ಥಳ. ಸುತ್ತಲೂ ದ್ರಾಕ್ಷಿಯ ತೋಟಗಳು. ಹಣ್ಣನ್ನು ಒಣಗಿಸಿ ಮನೂಕ ಮಾಡುವ ನೆರಳಿನ ಚಪ್ಪರಗಳು. ಆದರೆ 1679ರ ನವೆಂಬರ್ ತಿಂಗಳಲ್ಲಿ ಈ ಊರು ಕಂಡ ದಿನಗಳು ಘೋರವಾದವು. ವಿಜಾಪುರದ ಕೋಟೆಯನ್ನು ಗೆಲ್ಲಲಾರದೆ ಹಿಂದೆಗೆದ ಮೊಗಲ ಸೇನಾನಿ ದಿಲೇರಖಾನನು ಪಶ್ಚಿಮದ ಹಳ್ಳಿಗಳ ಮೇಲೆ ಬಿದ್ದು ತಿಕೋಟೆಯನ್ನು ಸುಲಿದನು. ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಹೆಂಗಸರು ಕೂಸುಗಳನ್ನೆತ್ತಿಕೊಂಡು ಬಾವಿಗಳಿಗೆ ಹಾರಿದರೆಂದೂ, ಮೂರು ಸಾವಿರದಷ್ಟು ಜನ ಸೆರೆಯಾದರೆಂದೂ ಇತಿಹಾಸಕಾರ ಜದುನಾಥ ಸರಕಾರರು ಬರೆದಿದ್ದಾರೆ.

ಆ ದಂಡಿನಲ್ಲಿ 22 ವರ್ಷದ ಒಬ್ಬ ತರುಣನಿದ್ದನು. ಅವನು ಶಿವಾಜಿ ಮಹಾರಾಜರ ಹಿರಿಯ ಮಗ ಸಂಭಾಜಿ. ತಂದೆಯನ್ನು ಬಿಟ್ಟು, ತಂದೆಯ ವೈರಿಯ ಪಾಳೆಯಕ್ಕೆ ಬಂದು ಅವನಿಗೆ ಆಗ ಒಂದು ವರ್ಷ ತುಂಬುತ್ತ ಬಂದಿತ್ತು.

ಹೆತ್ತವರಿಗೂ ಬೆಳೆದ ಮಕ್ಕಳಿಗೂ ನಡುವೆ ಬೀಳುವ ಬಿರುಕು ಅರಮನೆಗೆ ಮಾತ್ರ ಸೇರಿದುದಲ್ಲ. ಅದು ಗುಡಿಸಲಿನಲ್ಲಿಯೂ ಉಂಟು, ವಾಡೆಯಲ್ಲಿಯೂ ಉಂಟು. ಇದನ್ನು ನಾವು ಸಾಮಾನ್ಯವಾಗಿ ಪಾಪಪುಣ್ಯಗಳ ಮಾತಿನಲ್ಲಿ ವಿವರಿಸಿ ಮುಗಿಸಿಬಿಡುತ್ತೇವೆ: ಮಗ ಕೃತಘ್ನ, ಇಲ್ಲವೆ ತಂದೆ ನಿಷ್ಠುರ. ಆದರೆ ಮಳೆ, ಗುಡುಗು, ರೋಗಗಳಂತೆ ಇದಕ್ಕೂ ಕಾರಣಗಳಿವೆ. ಆ ಕಾರಣಗಳನ್ನು ಶಾಂತಚಿತ್ತದಿಂದ ಪರಿಶೀಲಿಸಲು ಸಾಧ್ಯವಿದೆ. ಈ ಲೇಖನದಲ್ಲಿ ಅಂಥ ಪರಿಶೀಲನೆಯನ್ನು ಮಾಡೋಣ.

ಬೇರೆಯಾಗುವುದು, ದೂರವಾಗುವುದು

ಮೊದಲು ಶಬ್ದಗಳ ಅರ್ಥವನ್ನು ಖಚಿತಪಡಿಸಿಕೊಳ್ಳಬೇಕು. ನಮ್ಮ ಕಡೆಯ ಹಳ್ಳಿಗಳಲ್ಲಿ ಎರಡು ಮಾತುಗಳು ಬಳಕೆಯಲ್ಲಿವೆ. ‘ಬೇರೆ ಆದರು’ ಎಂದರೆ ಒಲೆ ಎರಡಾಯಿತು, ಹೊಲ ಪಾಲಾಯಿತು ಎಂದಷ್ಟೆ ಅರ್ಥ. ಹಬ್ಬಕ್ಕೆ ಹೋಳಿಗೆ ಈ ಮನೆಯಿಂದ ಆ ಮನೆಗೆ ಹೋಗುತ್ತಲೇ ಇರುತ್ತದೆ. ‘ಮಾತು ಬಿಟ್ಟರು’ ಎಂದರೆ ಬೇರೆಯ ಸಂಗತಿ. ಅಲ್ಲಿ ಹೋಗಿ ಬರುವುದು ನಿಂತಿರುತ್ತದೆ. ಮದುವೆಗೆ ಕರೆಯಿಲ್ಲ, ಜಡ್ಡಿಗೆ ವಿಚಾರಣೆಯಿಲ್ಲ. ಸಮಾಜಶಾಸ್ತ್ರಜ್ಞರು ಅಭ್ಯಾಸ ಮಾಡುವುದು ಈ ಎರಡನೆಯದನ್ನು. ಇಬ್ಬರಲ್ಲಿ ಒಬ್ಬರಾದರೂ ಮನಃಪೂರ್ವಕವಾಗಿ ಸಂಬಂಧವನ್ನು ಕಡಿದುಕೊಂಡು, ಆ ಸ್ಥಿತಿ ಬಹುಕಾಲ ಉಳಿದರೆ ಅದನ್ನು ಅಗಲಿಕೆ ಎನ್ನಬಹುದು. ಒಂದು ದಿನದ ಜಗಳ ಅಗಲಿಕೆಯಲ್ಲ. ಮಗನು ದುಡಿಮೆಗಾಗಿ ಪುಣೆಗೋ ಗೋವೆಗೋ ಹೋಗಿ ತಿಂಗಳಿಗೊಮ್ಮೆ ಮಾತನಾಡಿಸಿದರೆ ಅದೂ ಅಗಲಿಕೆಯಲ್ಲ. ಇದಕ್ಕೆ ಪ್ರತಿಯಾಗಿ, ಒಂದೇ ಅಂಗಳದಲ್ಲಿ ಎರಡು ಬಾಗಿಲುಗಳ ಹಿಂದೆ ಇದ್ದು ಹತ್ತು ವರ್ಷ ಮಾತನಾಡದಿರುವವರು ನಿಜವಾಗಿ ಅಗಲಿದವರು.

ಪ್ರಾಣಿಲೋಕದ ಸಾಕ್ಷಿ

ಹೆಚ್ಚಿನ ಪ್ರಾಣಿಗಳಲ್ಲಿ ಬೆಳೆದ ಮರಿ ತಾಯಿಯನ್ನು ಬಿಟ್ಟುಹೋಗುವುದೇ ನಿಯಮ. ನಮ್ಮ ಊರುಗಳ ಕೋತಿಗಳನ್ನು ನೋಡಿರಿ. ಹೆಣ್ಣುಗಳು ಹುಟ್ಟಿದ ಗುಂಪಿನಲ್ಲಿಯೇ ಉಳಿಯುತ್ತವೆ. ಗಂಡುಗಳಲ್ಲಿ ಬಹುಪಾಲು ಪ್ರಾಯ ತುಂಬುವ ಹೊತ್ತಿಗೆ ಬೇರೆ ಗುಂಪನ್ನು ಅರಸಿಕೊಂಡು ಹೋಗುತ್ತವೆ. ಇದರಿಂದ ಹತ್ತಿರದ ರಕ್ತಸಂಬಂಧಿಗಳಲ್ಲಿ ಕೂಡಿಕೆ ತಪ್ಪುತ್ತದೆ. ಮನುಷ್ಯನ ಮಗುವಾದರೋ ಬಹು ದೀರ್ಘಕಾಲ ಪರಾಧೀನವಾಗಿರುತ್ತದೆ. ಮುಂದಾಲೋಚನೆಗೂ ಸಂಯಮಕ್ಕೂ ಆಧಾರವಾದ ಮಿದುಳಿನ ಮುಂಭಾಗ ಪೂರ್ಣವಾಗಿ ಪಕ್ವವಾಗುವುದು ಇಪ್ಪತ್ತು ದಾಟಿದ ಎಷ್ಟೋ ವರ್ಷಗಳ ಮೇಲೆ. ಇಷ್ಟು ದೀರ್ಘವಾದ ಪೋಷಣೆಯಿಂದ ಹುಟ್ಟಿದ ಬಂಧ ಪೋಷಣೆ ಮುಗಿದ ಮೇಲೂ ಉಳಿಯುವುದು ಮನುಷ್ಯಜಾತಿಯ ವೈಶಿಷ್ಟ್ಯವಾಗಿದೆ.

ಬಂಧವಿದ್ದಲ್ಲಿ ಹಿತಗಳ ಘರ್ಷಣೆಯೂ ಇರುತ್ತದೆ. 1974ರಲ್ಲಿ ರಾಬರ್ಟ್ ಟ್ರಿವರ್ಸ್ ಎಂಬ ಅಮೇರಿಕದ ಜೀವವಿಜ್ಞಾನಿ ಇದನ್ನು ಲೆಕ್ಕದ ರೂಪದಲ್ಲಿ ತೋರಿಸಿದನು. ತಾಯಿಗೆ ಇಬ್ಬರು ಮಕ್ಕಳಿದ್ದಾರೆನ್ನಿ. ಆಕೆಯ ವಂಶಧಾತುಗಳಲ್ಲಿ ಅರ್ಧ ಇವನಲ್ಲಿದೆ, ಅರ್ಧ ಅವನಲ್ಲಿದೆ. ಆದುದರಿಂದ ಆಕೆಗೆ ಇಬ್ಬರೂ ಸಮಾನರು. ಆದರೆ ಮಗುವಿನ ದೃಷ್ಟಿಯೇ ಬೇರೆ. ತಾನು ತನಗೆ ಪೂರ್ಣ. ಒಡಹುಟ್ಟಿದವನು ಅರ್ಧ ಮಾತ್ರ. ಆದುದರಿಂದ ತನಗೆ ದೊರೆತ ಒಂದು ಪಾಲು ಲಾಭಕ್ಕೆ ತಮ್ಮನಿಗೆ ಒಂದು ಪಾಲು ನಷ್ಟವಾಗುವ ಮಟ್ಟವನ್ನು ಮುಟ್ಟಿದೊಡನೆ ತಾಯಿ ‘ಸಾಕು’ ಎನ್ನುತ್ತಾಳೆ. ಮಗುವಾದರೋ ತಮ್ಮನ ನಷ್ಟ ಎರಡು ಪಾಲಾಗುವವರೆಗೂ ‘ಇನ್ನೂ ಬೇಕು’ ಎನ್ನುತ್ತದೆ. ಮೊಲೆ ಬಿಡಿಸುವ ಕಾಲದಲ್ಲಿ ಕರುವೂ ಕೂಸೂ ಮಾಡುವ ರಂಪಕ್ಕೆ ಇದು ಮೂಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಲೆಕ್ಕ ಎಳೆಯ ಮರಿಗಳ ವಿಷಯದ್ದು. ಮೀಸೆ ಬಂದ ಮಗನ ನಡತೆಯನ್ನು ಇದೊಂದರಿಂದಲೇ ವಿವರಿಸಹೊರಟರೆ ತಪ್ಪಾದೀತು. ಆದರೂ ಒಂದು ಮುಖ್ಯ ಸಂಗತಿ ಇದರಿಂದ ತಿಳಿಯುತ್ತದೆ. ಇಬ್ಬರಲ್ಲಿ ಯಾರೂ ದುಷ್ಟರಲ್ಲದಿದ್ದರೂ ‘ನ್ಯಾಯವಾದ ಪಾಲು’ ಯಾವುದೆಂಬ ವಿಷಯದಲ್ಲಿ ತಾಯಿಗೂ ಮಗುವಿಗೂ ಭಿನ್ನಾಭಿಪ್ರಾಯ ಬರುವುದು ಸ್ವಾಭಾವಿಕ.

ಒಂದೇ ಮನೆ, ಎರಡು ನೋಟ

ಮನೋವಿಜ್ಞಾನ ಇನ್ನೊಂದು ಸಂಗತಿಯನ್ನು ತಿಳಿಸುತ್ತದೆ. ತಮ್ಮ ಸಂಬಂಧ ಎಷ್ಟು ಆತ್ಮೀಯವಾದುದೆಂದು ಹೆತ್ತವರನ್ನೂ ಬೆಳೆದ ಮಕ್ಕಳನ್ನೂ ಬೇರೆಬೇರೆಯಾಗಿ ಕೇಳಿದರೆ, ಹೆತ್ತವರು ಸಾಮಾನ್ಯವಾಗಿ ಹೆಚ್ಚು ಆತ್ಮೀಯತೆಯನ್ನು ಹೇಳುತ್ತಾರೆ, ಮಕ್ಕಳು ಕಡಿಮೆ ಹೇಳುತ್ತಾರೆ. 1971ರಲ್ಲಿ ವೆರ್ನ್ ಬೆಂಗ್ಟ್‌ಸನ್ ಮತ್ತು ಜೋಸೆಫ್ ಕೈಪರ್ಸ್ ಎಂಬವರು ಇದಕ್ಕೆ ಒಂದು ಕಾರಣವನ್ನು ಸೂಚಿಸಿದರು. ತಂದೆತಾಯಿಗಳಿಗೆ ಮಗುವೆಂದರೆ ತಮ್ಮ ಬಾಳಿನ ಮುಂದುವರಿಕೆ. ಅವರು ಸಾಮ್ಯವನ್ನು ಹುಡುಕುತ್ತಾರೆ. ತರುಣನಿಗೆ ತನ್ನತನವನ್ನು ಸ್ಥಾಪಿಸಿಕೊಳ್ಳುವ ಕೆಲಸವಿದೆ. ಅವನು ಭೇದವನ್ನು ಹುಡುಕುತ್ತಾನೆ. ಒಂದೇ ಗೋಡೆಯನ್ನು ಒಬ್ಬರು ಒಳಗಿನಿಂದಲೂ ಇನ್ನೊಬ್ಬರು ಹೊರಗಿನಿಂದಲೂ ನೋಡಿದಂತೆ ಇದು.

ಬಿರುಕು ಬಿದ್ದ ಮೇಲಂತೂ ಈ ನೋಟಭೇದ ಇನ್ನೂ ಹೆಚ್ಚುತ್ತದೆ. ಅಮೇರಿಕದಲ್ಲಿ ನಡೆದ ಅಭ್ಯಾಸಗಳಲ್ಲಿ, ಅಗಲಿಕೆಗೆ ಕಾರಣವೇನೆಂದು ಕೇಳಿದಾಗ ತಂದೆತಾಯಿಗಳು ಹೆಚ್ಚಾಗಿ ಹೊರಗಿನವರನ್ನು ತೋರಿಸಿದರು: ಸೊಸೆ, ಅಳಿಯ, ಗೆಳೆಯರು. ಮಕ್ಕಳು ಹೆಚ್ಚಾಗಿ ತಂದೆತಾಯಿಗಳ ನಡತೆಯನ್ನೇ ತೋರಿಸಿದರು: ಬಾಲ್ಯದ ಹೊಡೆತ, ತಿರಸ್ಕಾರ, ತಮ್ಮನ್ನು ಇದ್ದಂತೆ ಒಪ್ಪಿಕೊಳ್ಳದಿರುವಿಕೆ. ‘ಹೊಸದಾಗಿ ಬಂದವಳು ಮಗನನ್ನು ಕೆಡಿಸಿದಳು’ ಎಂಬ ಮಾತನ್ನು ನಮ್ಮ ವಾಚಕರು ತಮ್ಮ ಓಣಿಯಲ್ಲಿಯೂ ಕೇಳಿರಬಹುದು. ಅದು ನಿಜವಿದ್ದರೂ ಇರಬಹುದು. ಆದರೆ ಹಳೆಯ ಕಾರಣವನ್ನು ಕಾಣಲೊಲ್ಲದ ಮನಸ್ಸು ಹೊಸಬರ ಮೇಲೆ ಹೊರೆ ಹೊರಿಸುವುದು ಸುಲಭವೆಂಬುದನ್ನು ಮರೆಯಬಾರದು.

ಹೊಲ, ನೀರು, ಪಾಲು

ಇನ್ನು ನಮ್ಮ ನೆಲದ ಕಡೆಗೆ ಬರೋಣ. ಬೇಸಾಯದ ನಾಡಿನಲ್ಲಿ ತಂದೆಮಕ್ಕಳ ಸಂಬಂಧದ ನಡುವೆ ಹೊಲ ಇದ್ದೇ ಇರುತ್ತದೆ. ಹನ್ನೊಂದನೆಯ ಶತಮಾನದ ಕೊನೆ, ಹನ್ನೆರಡನೆಯ ಶತಮಾನದ ಆರಂಭದ ಸುಮಾರಿಗೆ ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂಬುದು ಅದರ ತತ್ತ್ವ. ಬಂಗಾಲದಲ್ಲಿ ನಡೆದುಬಂದ ‘ದಾಯಭಾಗ’ದ ಪ್ರಕಾರ ತಂದೆ ಬದುಕಿರುವ ತನಕ ಮಗನಿಗೆ ಹಕ್ಕಿಲ್ಲ. ಈ ಭೇದದ ಪರಿಣಾಮವನ್ನು ಯೋಚಿಸಿರಿ. ಮಿತಾಕ್ಷರದ ನಾಡಿನಲ್ಲಿ ತಂದೆ ಹೊಲದ ಒಡೆಯನಲ್ಲ, ಮಗನೊಡನೆ ಪಾಲುದಾರ. ಆದರೆ ಮನೆಯ ವಾಡಿಕೆಯಲ್ಲಿ ಅವನೇ ಯಜಮಾನ. ಹಕ್ಕು ಒಂದು ಕಡೆ, ಅಧಿಕಾರ ಇನ್ನೊಂದು ಕಡೆ. ಆಧುನಿಕ ಕಾನೂನು ಪಾಲುದಾರರನ್ನು ಹೆಚ್ಚಿಸಿದೆ. ಕರ್ನಾಟಕವು 1994ರಲ್ಲಿ, ಇಡೀ ದೇಶವು 2005ರಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನ ಹಕ್ಕನ್ನು ಕೊಟ್ಟಿತು. ತವರಿನ ಹೊಲದಲ್ಲಿ ಪಾಲು ಕೇಳಿದ ಮಗಳಿಗೆ ತವರಿನ ಬಾಗಿಲು ಮುಚ್ಚಿದ ಉದಾಹರಣೆಗಳು ಎಲ್ಲ ಜಿಲ್ಲೆಗಳಲ್ಲಿಯೂ ಇವೆ.

ಹೊಲದ ಬೆಲೆ ಇದ್ದಕ್ಕಿದ್ದಂತೆ ಏರಿದರೆ ಈ ಒತ್ತಡವೂ ಏರುತ್ತದೆ. ಬಬಲೇಶ್ವರ, ತಿಕೋಟಾಗಳ ಸುತ್ತಣ ಕಪ್ಪು ನೆಲ ಬಹುಕಾಲ ಮಳೆಯನ್ನೇ ನಂಬಿದ ಹಿಂಗಾರಿ ಜೋಳದ ನೆಲವಾಗಿತ್ತು. ಅಂಥ ಹೊಲದಲ್ಲಿ ದುಡಿಯುವ ಕೈಗಳು ಒಟ್ಟಿಗಿರುವುದೇ ಲಾಭ. ಪಾಲಾದರೆ ಎತ್ತು ಬೇರೆ, ಕೂರಿಗೆ ಬೇರೆ. ಕೊಳವೆಬಾವಿಗಳು ಬಂದುವು, ದ್ರಾಕ್ಷಿ, ದಾಳಿಂಬೆಗಳು ಬಂದುವು, ಮುಳವಾಡ, ತುಬಚಿ-ಬಬಲೇಶ್ವರ ಮೊದಲಾದ ಏತ ನೀರಾವರಿ ಯೋಜನೆಗಳು ಕೃಷ್ಣೆಯ ನೀರನ್ನು ಈ ಎತ್ತರಕ್ಕೆ ಏರಿಸಿದುವು. ನೀರು ಬಂದುದು ದೊಡ್ಡ ಭಾಗ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ತೋಟಕ್ಕೆ ಬಂಡವಾಳ ಬೇಕು, ಬಂಡವಾಳಕ್ಕೆ ಸಾಲ ಬೇಕು. ಸಾಲಪತ್ರಕ್ಕೆ ಯಾರು ಸಹಿ ಹಾಕಬೇಕು, ಯಾವ ಬೆಳೆ ಇಡಬೇಕು, ಹೊಲವನ್ನು ಮಾರಿ ನಗರದಲ್ಲಿ ಮನೆ ಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆಗಳು ಹಿಂದೆ ಇರಲಿಲ್ಲ. ಓದಿದ ಮಗನಿಗೂ ಅನುಭವಸ್ಥನಾದ ತಂದೆಗೂ ಇವಕ್ಕೆ ಒಂದೇ ಉತ್ತರ ತೋರುವುದಿಲ್ಲ. ಹಣದ ಜಗಳವೆಂದು ಹೊರಗೆ ಕಾಣುವುದು ಬಹುಮಟ್ಟಿಗೆ ‘ನನ್ನ ಮಾತಿಗೆ ಬೆಲೆಯಿದೆಯೇ?’ ಎಂಬ ಜಗಳವೇ ಆಗಿರುತ್ತದೆ.

ಮೌನವು ಹೇಗೆ ಬೆಳೆಯುತ್ತದೆ?

ಮರೇ ಬೋವೆನ್ ಎಂಬ ಅಮೇರಿಕದ ಮನೋವೈದ್ಯನು ಕುಟುಂಬವನ್ನು ಒಂದು ಯಂತ್ರದಂತೆ, ಒಂದರ ಚಲನೆಯಿಂದ ಇನ್ನೊಂದು ಚಲಿಸುವ ಚಕ್ರಗಳ ಸಮೂಹದಂತೆ ಅಭ್ಯಾಸ ಮಾಡಿದನು. ಸಹಿಸಲಾರದ ಒತ್ತಡವನ್ನು ತಪ್ಪಿಸಿಕೊಳ್ಳಲು ಮನುಷ್ಯನು ಸಂಬಂಧವನ್ನೇ ಕಡಿಯುತ್ತಾನೆ. ಆ ಕ್ಷಣಕ್ಕೆ ಹಗುರವೆನಿಸುತ್ತದೆ. ಆದರೆ ಒತ್ತಡ ಕರಗಿಲ್ಲ, ಅದು ಇದ್ದಲ್ಲಿಯೇ ಇದೆ. ಮುಂದೆ ಹೆಂಡತಿಯೊಡನೆ, ಮಕ್ಕಳೊಡನೆ ಅದೇ ರೀತಿ ತಲೆಯೆತ್ತುತ್ತದೆ ಎಂಬುದು ಅವನ ಅಭಿಪ್ರಾಯ.

ವಿಜಾಪುರದ ಆದಿಲಶಾಹಿ ಅರಮನೆಯಲ್ಲಿ ಇದಕ್ಕೆ ಹೋಲಿಕೆಯಾದ ಒಂದು ಸಂಗತಿ ದೊರೆಯುತ್ತದೆ. ಇಸ್ಮಾಯಿಲ್ ಆದಿಲಶಹನು ಶಿಯಾ ಪಂಥದವನು. ಅವನ ಮಗ ಒಂದನೆಯ ಇಬ್ರಾಹಿಮನು ತಂದೆಯ ದಾರಿಯನ್ನು ಬಿಟ್ಟು ಸುನ್ನಿ ಪಂಥವನ್ನು ರಾಜ್ಯದಲ್ಲಿ ಸ್ಥಾಪಿಸಿದನು. ಇಬ್ರಾಹಿಮನ ಮಗ ಅಲಿ ಮತ್ತೆ ಅಜ್ಜನ ಪಂಥಕ್ಕೆ ಒಲಿದನು. ತಾನು ತಂದೆಯಿಂದ ಭಿನ್ನನಾದುದನ್ನು ಮರೆತೋ ಏನೋ, ಇಬ್ರಾಹಿಮನು ಮಗನ ಭಿನ್ನತೆಯನ್ನು ಸಹಿಸದೆ ಅವನನ್ನು ಕೋಟೆಯೊಂದರಲ್ಲಿ ಕಾವಲಿನಲ್ಲಿಟ್ಟನು. 1558ರಲ್ಲಿ ತಂದೆ ತೀರಿದ ಮೇಲೆಯೇ ಅಲಿ ಪಟ್ಟವೇರಿದುದು. ಏರಿದೊಡನೆ ತಂದೆಯ ವ್ಯವಸ್ಥೆಯನ್ನು ತಲೆಕೆಳಗು ಮಾಡಿದನು. ಇದೇ ಅಲಿ ಮುಂದೆ ವಿಜಯನಗರಕ್ಕೆ ಹೋದಾಗ ರಾಮರಾಯನ ಪತ್ನಿ ಅವನನ್ನು ಮಗನೆಂದು ಸ್ವೀಕರಿಸಿದಳೆಂದು ಫಿರಿಷ್ತಾ ಬರೆದಿದ್ದಾನೆ. ಆ ಸಂಬಂಧವೂ ಉಳಿಯಲಿಲ್ಲ. 1565ರ ರಕ್ಕಸತಂಗಡಿ ಯುದ್ಧದಲ್ಲಿ ಅವನು ರಾಮರಾಯನ ವಿರುದ್ಧ ನಿಂತನು. ರಾಜಕಾರಣದ ಕಾರಣಗಳು ಇದ್ದೇ ಇದ್ದುವು. ಆದರೂ ಮೂರು ತಲೆಮಾರುಗಳಲ್ಲಿ ಒಂದೇ ಬಗೆಯ ಮುರಿತ ಮರಳಿ ಮರಳಿ ಬಂದುದು ಗಮನಾರ್ಹ. 1686ರಲ್ಲಿ ವಿಜಾಪುರವನ್ನು ಗೆದ್ದ ಔರಂಗಜೇಬನ ಸ್ಥಿತಿಯೂ ಭಿನ್ನವಲ್ಲ. ಅವನು ತನ್ನ ತಂದೆ ಶಹಜಹಾನನನ್ನು 1658ರಿಂದ ಸಾಯುವವರೆಗೆ ಆಗ್ರಾ ಕೋಟೆಯಲ್ಲಿ ಬಂಧಿಸಿಟ್ಟಿದ್ದನು. 1681ರಲ್ಲಿ ಅವನ ಮಗ ಅಕಬರನು ಅವನ ಮೇಲೆಯೇ ದಂಗೆಯೆದ್ದನು.

ಬಿಡುವುದೇ ಸರಿಯಾದಾಗ

ಇಷ್ಟರಿಂದ ಎಲ್ಲ ಅಗಲಿಕೆಗಳೂ ತಪ್ಪೆಂದು ತಿಳಿಯಲಾಗದು. ಹೊಡೆತ ಬಡಿತಗಳು ನಡೆಯುವ ಮನೆಯಿಂದ, ಪ್ರಾಣಕ್ಕೇ ಕುತ್ತಿರುವ ಮನೆಯಿಂದ ದೂರವಾಗುವುದು ಆತ್ಮರಕ್ಷಣೆಯೇ ಸರಿ. ತತ್ತ್ವಕ್ಕಾಗಿ ಮನೆ ಬಿಟ್ಟವರೂ ಉಂಟು. ಇದೇ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಉಪನಯನವನ್ನು ಒಲ್ಲದೆ ಹೆತ್ತವರ ಮನೆಯನ್ನು ತೊರೆದು ಕೂಡಲಸಂಗಮಕ್ಕೆ ಹೋದರೆಂದು ಪರಂಪರೆ ಹೇಳುತ್ತದೆ. ಇಂದಿನ ತರುಣ ತರುಣಿಯರಲ್ಲಿ ಜಾತಿ ಮೀರಿದ ಮದುವೆ ಅಗಲಿಕೆಗೆ ಒಂದು ದೊಡ್ಡ ಕಾರಣ. ಪ್ರಾಪ್ತವಯಸ್ಕರಾದ ಇಬ್ಬರು ಒಪ್ಪಿ ಮದುವೆಯಾಗಲು ಕುಟುಂಬದ ಅಥವಾ ಜಾತಿಯ ಒಪ್ಪಿಗೆ ಬೇಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದುದರಿಂದ ‘ಯಾರು ಯಾರನ್ನು ಬಿಟ್ಟರು?’ ಎಂದು ಕೇಳಿದರೆ ಸಾಲದು, ‘ಏತಕ್ಕಾಗಿ ಬಿಟ್ಟರು?’ ಎಂದೂ ಕೇಳಬೇಕು.

ಕಾನೂನು ಏನು ಮಾಡಬಲ್ಲುದು?

ಅಗಲಿಕೆಯ ಭಾರ ಮುಪ್ಪಿನಲ್ಲಿ ಹೆಚ್ಚು. ಇದಕ್ಕಾಗಿ ಭಾರತದಲ್ಲಿ 2007ರಲ್ಲಿ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣದ ಕಾಯ್ದೆ ಬಂದಿತು. ತಮ್ಮನ್ನು ತಾವು ಸಾಕಿಕೊಳ್ಳಲಾರದ ತಂದೆತಾಯಿಗಳು ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಮಗನಷ್ಟೇ ಅಲ್ಲ, ಮಗಳೂ ಪ್ರಾಪ್ತವಯಸ್ಕರಾದ ಮೊಮ್ಮಕ್ಕಳೂ ಈ ಹೊಣೆಗೆ ಒಳಪಡುತ್ತಾರೆ. ಮೂಲ ಕಾಯ್ದೆ ಹಾಕಿದ ಮೇಲ್ಮಿತಿ ತಿಂಗಳಿಗೆ 10,000 ರೂಪಾಯಿ. ಅದರ 23ನೆಯ ಕಲಮು ಇನ್ನೂ ಮುಖ್ಯವಾದುದು: ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿಯನ್ನು ಬರೆದುಕೊಟ್ಟು, ಪಡೆದವನು ಆ ಷರತ್ತನ್ನು ಮುರಿದರೆ, ಹಿರಿಯರು ಆ ಪತ್ರವನ್ನು ರದ್ದುಮಾಡಿಸಿಕೊಳ್ಳಬಹುದು. ತೊಂದರೆಯಲ್ಲಿರುವ ಹಿರಿಯರ ನೆರವಿಗೆ 14567 ಎಂಬ ದೂರವಾಣಿ ಸಂಖ್ಯೆಯೂ ಇದೆ.

ಹಾಗಾದರೆ ಮಗನಿಂದ ಹಣವನ್ನು ಕೊಡಿಸಬಹುದು, ಮಾತನ್ನು ಕೊಡಿಸಲಾದೀತೇ? ಕಾಯ್ದೆಯನ್ನು ರಚಿಸಿದವರು ಇದನ್ನು ಅರಿಯದವರಲ್ಲ. ಅದಕ್ಕಾಗಿಯೇ, ವಿಚಾರಣೆಗೆ ಮೊದಲು ಪ್ರಕರಣವನ್ನು ಸಂಧಾನಾಧಿಕಾರಿಗೆ ಒಪ್ಪಿಸಲು ಅದರಲ್ಲಿ ಅವಕಾಶವಿಟ್ಟಿದ್ದಾರೆ.

ಮರಳುವ ದಾರಿ

ಇಲ್ಲಿ ಅಂಕಿಗಳು ಸ್ವಲ್ಪ ಧೈರ್ಯವನ್ನು ಕೊಡುತ್ತವೆ. ಕಾರ್ಲ್ ಪಿಲ್ಲೆಮರ್ ಎಂಬ ಸಮಾಜಶಾಸ್ತ್ರಜ್ಞನು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೇರಿಕದ ವಯಸ್ಕರಲ್ಲಿ ನೂರಕ್ಕೆ 27 ಮಂದಿ ಯಾರಾದರೊಬ್ಬ ಬಂಧುವಿನಿಂದ ಅಗಲಿದ್ದರು. 2022ರಲ್ಲಿ ಪ್ರಕಟವಾದ ಅಲ್ಲಿಯ ಇನ್ನೊಂದು ಅಧ್ಯಯನದ ಪ್ರಕಾರ, ಬೆಳೆದ ಮಕ್ಕಳಲ್ಲಿ ನೂರಕ್ಕೆ 6 ಮಂದಿ ತಾಯಿಯಿಂದ, 26 ಮಂದಿ ತಂದೆಯಿಂದ ಒಂದಲ್ಲ ಒಂದು ಕಾಲದಲ್ಲಿ ಅಗಲಿದ್ದರು. ಆದರೆ ತಾಯಿಯಿಂದ ಅಗಲಿದವರಲ್ಲಿ ನೂರಕ್ಕೆ 81, ತಂದೆಯಿಂದ ಅಗಲಿದವರಲ್ಲಿ ನೂರಕ್ಕೆ 69 ಮಂದಿ ಮುಂದೆ ಮತ್ತೆ ಕೂಡಿದರು. ಅಮೇರಿಕದ ಅಂಕಿಗಳನ್ನು ಹಾಗೆಯೇ ತಿಕೋಟೆಗೆ ಅನ್ವಯಿಸಲಾಗದು. ಆದರೂ ಅಗಲಿಕೆ ಕೊನೆಯ ಪುಟವಲ್ಲ, ಬಹುತೇಕ ಅದೊಂದು ಅಧ್ಯಾಯ ಮಾತ್ರವೆಂಬುದು ಇವುಗಳಿಂದ ತೋರಿಬರುತ್ತದೆ.

ಪಿಲ್ಲೆಮರನು ಮತ್ತೆ ಕೂಡಿದವರನ್ನೂ ವಿಚಾರಿಸಿದನು. ಹಿಂದೆ ಯಾರದು ತಪ್ಪಾಗಿತ್ತೆಂಬ ವಿಷಯದಲ್ಲಿ ಒಮ್ಮತಕ್ಕೆ ಬಂದು ಕೂಡಿದವರು ವಿರಳ. ಆ ತೀರ್ಪನ್ನು ಬದಿಗಿಟ್ಟು, ಮುಂದೆ ಹೇಗಿರಬೇಕು, ಯಾವುದನ್ನು ಸಹಿಸಬಹುದು, ಯಾವುದನ್ನು ಸಹಿಸಲಾಗದು ಎಂಬ ಎಲ್ಲೆಗಳನ್ನು ಗೊತ್ತುಮಾಡಿಕೊಂಡವರೇ ಹೆಚ್ಚಾಗಿ ಕೂಡಿದರು.

ಇನ್ನು ಸಂಭಾಜಿಯ ಕಥೆಯನ್ನು ಮುಗಿಸಬೇಕು. ಎರಡು ವರ್ಷದವನಿದ್ದಾಗಲೇ ಅವನ ತಾಯಿ ಸಯೀಬಾಯಿ ತೀರಿದಳು. ಸಾಕಿದ ಅಜ್ಜಿ ಜೀಜಾಬಾಯಿ 1674ರಲ್ಲಿ, ಶಿವಾಜಿಯ ಪಟ್ಟಾಭಿಷೇಕವಾದ ಕೆಲವೇ ದಿನಗಳಲ್ಲಿ ತೀರಿದಳು. ಮನೆಯಲ್ಲಿ ಮಲತಾಯಿ ಸೋಯರಾಬಾಯಿಯೂ ಆಕೆಯ ಮಗ ರಾಜಾರಾಮನೂ ಇದ್ದರು. ತಂದೆ ಬಹುಕಾಲ ದಂಡಯಾತ್ರೆಗಳಲ್ಲಿ ದೂರವಿದ್ದನು. ಅಗಲಿಕೆಗೆ ಇವುಗಳಲ್ಲಿ ಯಾವುದು ಎಷ್ಟು ಕಾರಣವೆಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. 1678ರ ಡಿಸೆಂಬರಿನಲ್ಲಿ ಅವನು ದಿಲೇರಖಾನನನ್ನು ಸೇರಿದನು. ತಿಕೋಟೆಯ ಸುಲಿಗೆಯಾದ ಬಳಿಕ ದಂಡು ಅಥಣಿಯನ್ನು ಸುಟ್ಟಿತು. ಅಲ್ಲಿಯ ಪ್ರಜೆಗಳನ್ನು ಗುಲಾಮರಾಗಿ ಮಾರಲು ಖಾನನು ಹೊರಟಾಗ ಸಂಭಾಜಿ ವಿರೋಧಿಸಿದನು, ಖಾನನು ಕೇಳಲಿಲ್ಲ. ನವೆಂಬರ್ ತಿಂಗಳು ಮುಗಿಯುವ ಮೊದಲೇ ಸಂಭಾಜಿ, ಗಂಡುಡುಗೆ ತೊಟ್ಟ ಪತ್ನಿ ಯೇಸುಬಾಯಿಯೊಡನೆ ರಾತ್ರಿಯ ಕತ್ತಲಲ್ಲಿ ಕುದುರೆಯೇರಿ ಪಾಳೆಯವನ್ನು ಬಿಟ್ಟು ವಿಜಾಪುರಕ್ಕೆ ಬಂದನು. ಅಲ್ಲಿಂದ ಪನ್ಹಾಳ ಕೋಟೆಯನ್ನು ಸೇರಿದನು. ಶಿವಾಜಿ ಅಲ್ಲಿಗೆ ಬಂದು ಮಗನನ್ನು ಕಂಡನು, ಬುದ್ಧಿ ಹೇಳಿದನು. ಆದರೂ ಅವನನ್ನು ಪನ್ಹಾಳದಲ್ಲಿಯೇ ಬಿಟ್ಟು ರಾಯಗಡಕ್ಕೆ ಮರಳಿದನು. 1680ರ ಏಪ್ರಿಲ್ 3ರಂದು ರಾಯಗಡದಲ್ಲಿ ಶಿವಾಜಿ ತೀರಿದಾಗ ಹಿರಿಯ ಮಗ ಬಳಿಯಲ್ಲಿರಲಿಲ್ಲ.

ಮಗ ಮರಳಿ ಬಂದುದಕ್ಕೂ ತಂದೆಯ ಮರಣಕ್ಕೂ ನಡುವೆ ಉಳಿದುದು ನಾಲ್ಕು ತಿಂಗಳು ಮಾತ್ರ. ಒಬ್ಬರನ್ನೊಬ್ಬರು ನಂಬಲು ಅಷ್ಟು ಕಾಲ ಸಾಲಲಿಲ್ಲ.

ನಮ್ಮ ತರುಣ ವಾಚಕರಲ್ಲಿ ಅನೇಕರು ಇನ್ನು ಕೆಲವೇ ವರ್ಷಗಳಲ್ಲಿ ಓದಿಗೋ ಉದ್ಯೋಗಕ್ಕೋ ಊರು ಬಿಡುವವರು. ಹೆತ್ತವರ ಎಲ್ಲ ಮಾತಿಗೂ ತಲೆಬಾಗಿರಿ ಎಂದು ನಾವು ಹೇಳುವುದಿಲ್ಲ. ಭಿನ್ನಾಭಿಪ್ರಾಯ ಬರುವುದು ಸ್ವಾಭಾವಿಕವೆಂದು ಮೇಲೆ ಕಂಡೆವು. ಭಿನ್ನಾಭಿಪ್ರಾಯವಿದ್ದೂ ಮಾತು ನಿಲ್ಲದಂತೆ ನೋಡಿಕೊಳ್ಳುವುದು ಕಲಿಯಬೇಕಾದ ವಿದ್ಯೆ. ನಿಮ್ಮ ಓಣಿಯಲ್ಲಿ ಮಾತು ಬಿಟ್ಟ ಎರಡು ಮನೆಗಳಿದ್ದರೆ ಈ ಲೇಖನದ ಕಾರಣಗಳನ್ನು ಅಲ್ಲಿ ಮೌನವಾಗಿ ಹೊಂದಿಸಿ ನೋಡಿರಿ. ಯಾರು ತಪ್ಪಿತಸ್ಥರೆಂದು ತೀರ್ಪು ಕೊಡಬೇಡಿರಿ. ಮೊದಲ ದಿನ ಯಾವ ಮಾತು ಆಡದೆ ಉಳಿಯಿತೆಂಬುದನ್ನು ಮಾತ್ರ ವಿಚಾರಿಸಿರಿ.